ಮಾಗಿ ಚಳಿಗೆ ಬೈಕ್ ಹ್ಯಾಂಡಲ್: ಗಾಳಿಗೆ ರೆಕ್ಸಿನ್, ಅಂಗೈಗೆ ನೈಕ್ರೋಮ್

ಡಿಸೆಂಬರ್, ಜನವರಿಯಲ್ಲಿ ಬೀದರ್ ಕಡೆ ನಸುಕಿನ ತಾಪ ಕೆಲವು ದಿನ 10 ಡಿಗ್ರಿಗಿಂತ ಕೆಳಗೆ ಇಳಿದಿರುತ್ತದೆ. ನಿಂತವರಿಗೆ ಅದು ಶಾಲು ಹೊದ್ದರೆ ತಡೆಯುವಂಥ ಚಳಿ. ಬೈಕಿನ ಮೇಲೆ ಲೆಕ್ಕವೇ ಬೇರೆ. 8 ಡಿಗ್ರಿ ಇರುವಾಗ 60 ಕಿ.ಮೀ. ವೇಗದಲ್ಲಿ ಹೋದರೆ, ಹವಾಮಾನ ಇಲಾಖೆಗಳು ಬಳಸುವ ಗಾಳಿ-ಚಳಿ ಸೂತ್ರದಂತೆ ಬರಿ ಚರ್ಮಕ್ಕೆ ಅದು 2 ಡಿಗ್ರಿಯ ಹಾಗೆ ತಾಗುತ್ತದೆ. 5 ಡಿಗ್ರಿಯಲ್ಲಿ 80ರ ವೇಗಕ್ಕೆ ಸೊನ್ನೆಗಿಂತ ಸುಮಾರು 3 ಕೆಳಗೆ. ಅರ್ಧ ಗಂಟೆಯಲ್ಲಿ ಬೆರಳು ಮರಗಟ್ಟಿ, ಬ್ರೇಕ್ ಲಿವರ್ ಎಷ್ಟು ಒತ್ತಿದ್ದೇವೆ ಎಂಬುದೇ ತಿಳಿಯದಂತಾಗುತ್ತದೆ.

ಇಂಥಲ್ಲಿ ಹೆಚ್ಚಿನವರು ಮೊದಲು ಹುಡುಕುವುದು ಹೀಟೆಡ್ ಗ್ರಿಪ್, ಅಂದರೆ ಕರೆಂಟಿನಿಂದ ಕಾಯುವ ಹಿಡಿ. ಅದೊಂದೇ ಹಾಕಿದರೆ ದುಡ್ಡು ಅರ್ಧ ದಂಡ. ಹಿಡಿ ಹಿಡಿದ ಕೈಯನ್ನು ಒಮ್ಮೆ ನೋಡಿ: ಗ್ರಿಪ್‌ಗೆ ತಾಗಿರುವುದು ಅಂಗೈ, ಗಾಳಿಗೆ ಎದುರಾಗಿರುವುದು ಬೆರಳಿನ ಹಿಂಭಾಗ ಮತ್ತು ಗೆಣ್ಣು. ಹೀಟರ್ ಒಂದು ಕಡೆ ಕಾಯಿಸುತ್ತದೆ, ಗಾಳಿ ಇನ್ನೊಂದು ಕಡೆ ಕಿತ್ತುಕೊಂಡು ಹೋಗುತ್ತದೆ. ಅಂಗೈ ಬೆವರಿ, ಉಗುರು ನೀಲಿಯಾಗುವ ವಿಚಿತ್ರ ಸ್ಥಿತಿ ಬರುವುದು ಹೀಗೆ. ಆದ್ದರಿಂದ ಕೆಲಸದ ಕ್ರಮ ಹೀಗಿರಲಿ: ಮೊದಲು ಗಾಳಿ ನಿಲ್ಲಿಸುವ ಹ್ಯಾಂಡಲ್ ಕವರ್, ಅದು ಸರಿ ಕೂತ ಮೇಲೆ ಹೀಟರ್. ಉತ್ತರ ಭಾರತದ ಚಳಿಯೂರುಗಳಲ್ಲಿ ಹಾಲಿನ ಕ್ಯಾನ್ ಹೊತ್ತ ಬೈಕುಗಳು ರೆಕ್ಸಿನ್ ಕವರ್ ಒಂದರಲ್ಲೇ ಚಳಿಗಾಲ ಕಳೆಯುತ್ತವೆ. ಆ ಹಾಲಿನವರ ಬುದ್ಧಿ ಸರಿಯಾಗಿಯೇ ಇದೆ.

ಮೊದಲ ಹಂತ: ಕವರ್

ಬೇಕಾದದ್ದು ಕುಶನ್ ಅಂಗಡಿಯಲ್ಲಿ ಸಿಗುವ ದಪ್ಪ ರೆಕ್ಸಿನ್ ಒಂದು ಮೀಟರ್, 6 ಮಿ.ಮೀ. ಫೋಮ್, ಒಳಗೆ ನುಣುಪಾದ ಲೈನಿಂಗ್ ಬಟ್ಟೆ, ಒಂದು ಮೀಟರ್ ವೆಲ್ಕ್ರೋ, ಮತ್ತು ಖಾಲಿಯಾದ 5 ಲೀಟರ್ ಎಂಜಿನ್ ಆಯಿಲ್ ಕ್ಯಾನ್. ಫೋಮ್ ಬದಲು ಹಳೆ ಕಂಬಳಿ ತುಂಡು ಹಾಕಿದರೆ ಇನ್ನೂ ಒಳ್ಳೆಯದು, ಉಣ್ಣೆ ಇಬ್ಬನಿಗೆ ಒದ್ದೆಯಾದರೂ ಬೆಚ್ಚಗೇ ಇರುತ್ತದೆ. ಆದರೆ ಕಂಬಳಿಯನ್ನು ಬರಿದಾಗಿ ಬಿಡಬೇಡಿ, ಅದರ ಎಳೆ ಲಿವರ್ ಸಂದಿಗೆ ಸಿಕ್ಕಿಕೊಳ್ಳುತ್ತದೆ. ಮೇಲೊಂದು ಲೈನಿಂಗ್ ಇರಲೇಬೇಕು.

ಅಳತೆಯನ್ನು ಟೇಪಿನಲ್ಲಲ್ಲ, ಪೇಪರಿನಲ್ಲಿ ತೆಗೆಯಿರಿ. ಗ್ಲೌಸ್ ಹಾಕಿದ ಕೈ ಲಿವರ್ ಮೇಲಿಟ್ಟು, ಬೆರಳು ಪೂರ್ತಿ ಚಾಚಿ, ಇನ್ನೊಬ್ಬರ ಕೈಯಲ್ಲಿ ದಿನಪತ್ರಿಕೆಯ ಎರಡು ಹಾಳೆ ಸುತ್ತಿಸಿ ಪಿನ್ ಹಾಕಿಸಿ. ಲಿವರ್ ತುದಿಯಿಂದ ಮುಂದಕ್ಕೆ ಕನಿಷ್ಠ 4 ಸೆಂ.ಮೀ. ಖಾಲಿ ಜಾಗ ಉಳಿಯಬೇಕು. ಸಾಮಾನ್ಯ 150–200 ಸಿಸಿ ಬೈಕಿಗೆ ಒಂದೊಂದು ಕಡೆಗೂ ಹೆಚ್ಚುಕಡಿಮೆ 38×32 ಸೆಂ.ಮೀ.ನ ಎರಡು ತುಂಡು ಬರುತ್ತವೆ. ಕೈ ತೂರಿಸುವ ಬಾಯಿ ಚಪ್ಪಟೆಯಾಗಿ ಅಳೆದರೆ 18ರಿಂದ 20 ಸೆಂ.ಮೀ. ಇರಲಿ. ಅದಕ್ಕಿಂತ ಬಿಗಿ ಮಾಡಿದರೆ ಬೆಚ್ಚಗೇನೋ ಇರುತ್ತದೆ, ಆದರೆ ಗಾಡಿ ಓಲಿದಾಗ ಕೈ ಥಟ್ಟನೆ ಹೊರಬರುವುದಿಲ್ಲ. ಮಣಿಕಟ್ಟಿಗೆ ಎಲಾಸ್ಟಿಕ್, ದಾರ, ಬಕಲ್ ಯಾವುದೂ ಬೇಡವೇ ಬೇಡ.

ಕನ್ನಡಿಯ ಕಡ್ಡಿ ಬರುವಲ್ಲಿ ಮೇಲಿನಿಂದ ಸೀಳಿ ಎರಡೂ ಅಂಚಿಗೆ ವೆಲ್ಕ್ರೋ ಹೊಲಿಸಿ. ತಳದಲ್ಲಿ, ಅತಿ ತಗ್ಗಿನ ಜಾಗದಲ್ಲಿ, ಒಂದು ಐಲೆಟ್ (ಲೋಹದ ಬಳೆಯ ತೂತು) ಹೊಡೆಸಿ. ಇಲ್ಲದಿದ್ದರೆ ಮಂಜಿನ ನೀರು ಅಲ್ಲೇ ನಿಂತು ಸ್ವಿಚ್ಚಿನೊಳಗೆ ಇಳಿಯುತ್ತದೆ. ಬೈಕ್ ಸೀಟ್ ಹೊಲಿಯುವವರಿಗೆ ಇದು ಒಂದು ಗಂಟೆಯ ಕೆಲಸ. ಮನೆಯ ಹೊಲಿಗೆ ಯಂತ್ರದಲ್ಲಿ ಮಾಡುವುದಾದರೆ 18ನೇ ನಂಬರ್ ಸೂಜಿ ಹಾಕಿ, ಸಾದಾ ಸೂಜಿ ರೆಕ್ಸಿನ್ ಮತ್ತು ಫೋಮ್ ಸೇರಿದ ದಪ್ಪಕ್ಕೆ ಮುರಿಯುತ್ತದೆ.

ಕವರಿನ ದೊಡ್ಡ ದೋಷ ನಿಂತಲ್ಲಿ ಕಾಣುವುದಿಲ್ಲ. ವೇಗ 60 ದಾಟಿದ ಮೇಲೆ ಗಾಳಿ ರೆಕ್ಸಿನ್ನನ್ನು ಹಿಂದಕ್ಕೆ ಅದುಮುತ್ತದೆ, ರೆಕ್ಸಿನ್ ಲಿವರನ್ನು ಅದುಮುತ್ತದೆ. ಎಡಗಡೆ ಕ್ಲಚ್ ಅರೆಬರೆ ಹಿಡಿದಂತಾಗಿ ಪ್ಲೇಟ್ ಜಾರುತ್ತದೆ, ಬಲಗಡೆ ಮುಂದಿನ ಬ್ರೇಕ್ ಸದಾ ಸವರಿಕೊಂಡಿರುತ್ತದೆ. ಆಯಿಲ್ ಕ್ಯಾನ್ ಬೇಕಾಗುವುದು ಇದಕ್ಕೇ. ಅದರ ಚಪ್ಪಟೆ ಪಕ್ಕೆಯಿಂದ 25×12 ಸೆಂ.ಮೀ. ಪಟ್ಟಿ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ, ಕವರಿನ ಮುಂಭಾಗದಲ್ಲಿ ಫೋಮ್ ಮತ್ತು ರೆಕ್ಸಿನ್ ನಡುವೆ ತೂರಿಸಿ ಹೊಲಿಯಿರಿ. ಪಟ್ಟಿಯ ಹೊರತುದಿ ಬಾರ್-ಎಂಡ್ ತೂಕದ (ಹ್ಯಾಂಡಲ್ ತುದಿಯ ಲೋಹದ ಗುಂಡು) ಸ್ಕ್ರೂಗೆ ಒಂದು ದೊಡ್ಡ ವಾಷರ್ ಜೊತೆ ಸೇರಲಿ. ಹೀಗೆ ಎರಡು ಕಡೆ ಆಧಾರ ಸಿಕ್ಕರೆ ಕವರ್ ಹಿಂದಕ್ಕೆ ಮಣಿಯುವುದಿಲ್ಲ.

ಪರೀಕ್ಷೆ ಸುಲಭ. ಹಿಂದೆ ಇನ್ನೊಂದು ಗಾಡಿ ಬರಲಿ, ನೀವು 70ರಲ್ಲಿ ಬ್ರೇಕ್ ಮುಟ್ಟದೆ ಹೋಗಿ. ಬ್ರೇಕ್ ಲೈಟ್ ಹತ್ತಿಕೊಂಡೇ ಇದ್ದರೆ ಕವರ್ ಲಿವರ್ ಒತ್ತುತ್ತಿದೆ. ಒಬ್ಬರೇ ಇದ್ದರೆ ಬ್ರೇಕ್ ಬಳಸದೆ ತಾನಾಗಿ ನಿಲ್ಲುವಂತೆ ಬಿಟ್ಟು, ಮುಂದಿನ ಡಿಸ್ಕ್ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಚುರ್ ಎಂದರೆ ಬ್ರೇಕ್ ಹಿಡಿದೇ ಬಂದಿದೆ. ಕೈಯಿಟ್ಟು ನೋಡುವ ಸಾಹಸ ಬೇಡ.

ಎಷ್ಟೋ ಜನರಿಗೆ ಇಲ್ಲಿಗೇ ಕೆಲಸ ಮುಗಿಯಬಹುದು. ಬೆಂಗಳೂರಿನ ಚಳಿಗೆ ಕವರ್ ಒಂದೇ ಸಾಕು, ಹೀಟರ್ ಶೋಕಿ. ಚಳಿ 10ರ ಕೆಳಗಿದ್ದು ಒಂದು ಗಂಟೆಗಿಂತ ಹೆಚ್ಚು ಓಡಿಸುವವರು ಮುಂದೆ ಓದಿ.

ಎರಡನೇ ಹಂತ: ಕರೆಂಟಿನ ಲೆಕ್ಕ

ಗಾಡಿಯ ವಿದ್ಯುತ್ ಎಂಥದ್ದು ಎಂದು ಮೊದಲು ನೋಡಿ. ಹಳೆಯ 100 ಸಿಸಿ ಬೈಕುಗಳಲ್ಲಿ ಹೆಡ್‌ಲೈಟ್ ಇಂಜಿನ್ ಹುಟ್ಟಿಸುವ ಎಸಿ ಕರೆಂಟಿನಲ್ಲೇ ನೇರ ಉರಿಯುತ್ತದೆ, ಬ್ಯಾಟರಿಗೆ ಸಿಗುವ ಚಾರ್ಜ್ ಕಡಿಮೆ. ಇಂಜಿನ್ ಏರಿಸಿದಂತೆ ಹೆಡ್‌ಲೈಟ್ ಕಣ್ಣಿಗೆ ಕಾಣುವಷ್ಟು ಪ್ರಖರವಾದರೆ ಅದು ಈ ಜಾತಿಯದು, ಅದಕ್ಕೆ ಹೀಟರ್ ಹಾಕಬೇಡಿ. ಏಪ್ರಿಲ್ 2017ರಿಂದ ಬಂದ ಹೊಸ ಗಾಡಿಗಳಲ್ಲಿ ಹೆಡ್‌ಲೈಟ್ ಸದಾ ಉರಿಯಲೇಬೇಕೆಂಬ ನಿಯಮ ಇರುವುದರಿಂದ ಅದನ್ನು ಆರಿಸಿ ಕರೆಂಟ್ ಉಳಿಸುವ ದಾರಿಯೂ ಇಲ್ಲ.

ಅಂಗಡಿಯ ರೆಡಿ ಗ್ರಿಪ್‌ಗಳು ಪೂರ್ತಿ ಬಿಸಿಯಲ್ಲಿ ಸಾಮಾನ್ಯವಾಗಿ 3ರಿಂದ 4 ಆಂಪಿಯರ್ ಎಳೆಯುತ್ತವೆ. ಕವರ್ ಇದ್ದ ಮೇಲೆ ಅಷ್ಟು ಬೇಡ. ಇಲ್ಲಿ ಕಟ್ಟುವುದು ಗ್ರಿಪ್ ಕೆಳಗೆ ತಂತಿ ಸುತ್ತಿದ ಕಾಯಿಲ್, ಒಂದೊಂದು ಕಡೆಗೆ 15 ವ್ಯಾಟ್. ಇಂಜಿನ್ ಓಡುವಾಗ ವೋಲ್ಟೇಜ್ 13.8 ಎಂದು ಹಿಡಿದರೆ ಒಂದು ಕಾಯಿಲ್‌ಗೆ 12.7 ಓಮ್ ಬೇಕು. 28 ಎಸ್‌ಡಬ್ಲ್ಯೂಜಿ (ತಂತಿಯ ದಪ್ಪದ ಅಳತೆ, ಅಂದರೆ ಗೇಜ್) ನೈಕ್ರೋಮ್, ಹೀಟರ್ ಕಾಯಿಲ್‌ಗೆ ಬಳಸುವ ತಂತಿ, ಮೀಟರಿಗೆ ಸುಮಾರು 9.8 ಓಮ್ ಇರುತ್ತದೆ, ಅಂದರೆ ಒಂದು ಕಡೆಗೆ 1.3 ಮೀಟರ್. ಎರಡೂ ಸೇರಿ 30 ವ್ಯಾಟ್, 2.2 ಆಂಪಿಯರ್. ತಂತಿಯ ಗೇಜ್ ಅಂಗಡಿಯವರ ಬಾಯಿಮಾತಿನಲ್ಲಿ ನಂಬಬೇಡಿ. 26 ಎಸ್‌ಡಬ್ಲ್ಯೂಜಿ ಕೊಟ್ಟುಬಿಟ್ಟರೆ ಅದು ಮೀಟರಿಗೆ 6.6 ಓಮ್ ಆಸುಪಾಸು, ಅದೇ 1.3 ಮೀಟರಿಗೆ ಕರೆಂಟ್ ಒಂದೂವರೆ ಪಟ್ಟು ಹರಿಯುತ್ತದೆ. ಮಲ್ಟಿಮೀಟರ್ ಇಟ್ಟು ಅಳೆದೇ ಕತ್ತರಿಸಿ, ಎರಡೂ ತುದಿಗೆ 4 ಸೆಂ.ಮೀ. ಹೆಚ್ಚು ಬಿಡಿ.

ಬೆಂಗಳೂರಿನವರಿಗೆ ತಂತಿ, ಸ್ವಿಚ್, ಟೇಪು ಎಸ್‌.ಪಿ. ರಸ್ತೆಯಲ್ಲಿ, ರಿಲೇ, ಫ್ಯೂಸ್ ಹೋಲ್ಡರ್, ಗ್ರಿಪ್ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ಉಳಿದ ಊರುಗಳಲ್ಲಿ ಹೀಟರ್ ಕಾಯಿಲ್ ರಿಪೇರಿಯವರ ಬಳಿ ನೈಕ್ರೋಮ್ ಕೇಳಿ. ಪಟ್ಟಿ ಹೀಗೆ: ನೈಕ್ರೋಮ್ 3 ಮೀಟರ್, 25 ಮಿ.ಮೀ. ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯುವ ಟೇಪು) ಒಂದು ಸುರುಳಿ, 0.75 ಚದರ ಮಿ.ಮೀ.ನ ಸಿಲಿಕೋನ್ ವೈರ್ 4 ಮೀಟರ್, ತಾಮ್ರದ ಕ್ರಿಂಪ್ ಕೊಳವೆ ಆರೇಳು, ನಡುವೆ ಆಫ್ ಇರುವ, ಆರು ಪಿನ್ನಿನ ಡಿಪಿಡಿಟಿ ಟಾಗಲ್ ಸ್ವಿಚ್ ಮತ್ತು ಅದರ ರಬ್ಬರ್ ಟೋಪಿ, 12 ವೋಲ್ಟಿನ ನಾಲ್ಕು ಪಿನ್ ರಿಲೇ (ಕೀ ಆನ್ ಆದಾಗ ಮಾತ್ರ ಕರೆಂಟ್ ಬಿಡುವ ಸ್ವಿಚ್), 5 ಆಂಪಿಯರ್ ಬ್ಲೇಡ್ ಫ್ಯೂಸು ಅದರ ಹೋಲ್ಡರ್ ಸಮೇತ, ಮತ್ತು ಎರಡು ಜೋಡಿ ಸಾದಾ ರಬ್ಬರ್ ಗ್ರಿಪ್.

ಎರಡು ಜೋಡಿ ಯಾಕೆಂದರೆ, ಎಡ ಗ್ರಿಪ್ಪಿನ ತೂತು 22 ಮಿ.ಮೀ., ಬಲದ್ದು ಆಕ್ಸಿಲರೇಟರ್ ಕೊಳವೆ ಮೇಲೆ ಕೂರಬೇಕಾದ್ದರಿಂದ ಸುಮಾರು 25. ತಂತಿ ಸುತ್ತಿದ ಮೇಲೆ ಎಡಗಡೆಯ ಗ್ರಿಪ್ ಹಾಕಲು ಹೋದರೆ ತಂತಿಯೆಲ್ಲ ಗುಡಿಸಿಕೊಂಡು ಹೋಗುತ್ತದೆ. ಎರಡೂ ಕಡೆಗೆ ಬಲದ ಗ್ರಿಪ್ಪೇ ಬಳಸಿ.

ಸುತ್ತುವ ಕೆಲಸ

ಹಳೆ ಗ್ರಿಪ್ ಕತ್ತರಿಸಿ ತೆಗೆಯಿರಿ, ಅಂಟು ಕೆರೆದು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ ಪೂರ್ತಿ ಆರಲು ಬಿಡಿ. ಬಲಗಡೆ ಪ್ಲಾಸ್ಟಿಕ್ ಕೊಳವೆಯ ಮೇಲೆ ಉಬ್ಬು ಗೀರುಗಳಿದ್ದರೆ ಅರದಿಂದ ಉಜ್ಜಿ ಸಮ ಮಾಡಿ, ಆದರೆ ಒಳಬದಿಯ ಚಕ್ರದಂಥ ಅಂಚನ್ನು ಮುಟ್ಟಬೇಡಿ.

ಎಡಗಡೆ ಬೇರೆ ಸಮಸ್ಯೆ. ಬಲಗಡೆ ಕಾಯಿಲ್ ಕೆಳಗೆ ಪ್ಲಾಸ್ಟಿಕ್ ಇದೆ, ಎಡಗಡೆ ಬರೀ ಕಬ್ಬಿಣದ ಪೈಪು. ಕೊಟ್ಟ ಬಿಸಿಯ ದೊಡ್ಡ ಪಾಲು ಪೈಪಿಗೆ ಹೋಗಿ ಅಲ್ಲಿಂದ ಗಾಳಿಪಾಲು. ಎಡಗೈ ಸದಾ ತಣ್ಣಗೆ ಎಂಬ ದೂರಿನ ಮೂಲ ಇದೇ. ಕೆಲವರು ಎಡದ ತಂತಿ ಕಡಿಮೆ ಮಾಡಿ ಹೆಚ್ಚು ವ್ಯಾಟ್ ಕೊಡಲು ನೋಡುತ್ತಾರೆ. ಮುಂದೆ ಹೇಳುವ ಸ್ವಿಚ್ಚಿನಲ್ಲಿ ಅದು ತಿರುಗುಬಾಣ: ಪ್ಯಾರಲಲ್‌ನಲ್ಲಿ (ಎರಡೂ ಕಾಯಿಲ್‌ಗೆ ಬೇರೆಬೇರೆಯಾಗಿ ಕರೆಂಟ್) ಓಮ್ ಕಡಿಮೆ ಇದ್ದ ಕಾಯಿಲ್ ಹೆಚ್ಚು ಕಾಯುತ್ತದೆ, ಸೀರೀಸ್‌ನಲ್ಲಿ (ಒಂದರ ಮೂಲಕ ಇನ್ನೊಂದಕ್ಕೆ ಕರೆಂಟ್) ಅದೇ ಕಾಯಿಲ್ ಕಡಿಮೆ ಕಾಯುತ್ತದೆ. ಎರಡೂ ಕಾಯಿಲ್ ಒಂದೇ ಓಮ್ ಇರಲಿ, ಎಡದ ಪೈಪಿಗೆ ಹೊದಿಕೆ ಹಾಕಿ. ಹಳೆ ಸೈಕಲ್ ಟ್ಯೂಬನ್ನು 2 ಸೆಂ.ಮೀ. ಪಟ್ಟಿಯಾಗಿ ಕತ್ತರಿಸಿ, ಎಳೆದು, ಅಂಚಿಗೆ ಅಂಚು ತಾಗುವಂತೆ ಸುತ್ತಿ, ಮೇಲೆ ಕ್ಯಾಪ್ಟಾನ್ ಎರಡು ಸುತ್ತು. ಪೈಪು 22ರಿಂದ 24–25 ಮಿ.ಮೀ.ಗೆ ದಪ್ಪವಾಗಿ ಬಲದ ಗ್ರಿಪ್ಪಿಗೆ ಸರಿಹೊಂದುತ್ತದೆ. ಒಂದು ಕಲ್ಲಿಗೆ ಎರಡು ಹಕ್ಕಿ.

ಬಲಗಡೆಯೂ ಮೊದಲು ಕ್ಯಾಪ್ಟಾನ್ ಒಂದು ಪದರ. ಈಗ 1.3 ಮೀಟರ್ ತಂತಿಯನ್ನು ಸರಿಯಾಗಿ ನಡುವೆ ಮಡಚಿ. ಮಡಚಿದ ಕೊಕ್ಕೆಯನ್ನು ಹ್ಯಾಂಡಲ್‌ನ ಹೊರತುದಿಯಿಂದ 1 ಸೆಂ.ಮೀ. ಒಳಗೆ ಟೇಪಿನಿಂದ ಅಂಟಿಸಿ, ಎರಡೂ ಎಳೆಗಳನ್ನು ಜೊತೆಯಾಗಿ ಒಳಬದಿಯ ಕಡೆಗೆ ಸುತ್ತುತ್ತಾ ಬನ್ನಿ. ಹೀಗೆ ಮಾಡಿದರೆ ಎರಡೂ ತುದಿ ಒಳಬದಿಗೇ ಬರುತ್ತವೆ, ಹೊರತುದಿಯಿಂದ ವೈರ್ ವಾಪಸ್ ತರುವ ಗೋಜಿಲ್ಲ. ಎಳೆಯೊಂದು 65 ಸೆಂ.ಮೀ., ಕೊಳವೆಯ ಸುತ್ತಳತೆ ಹತ್ತಿರ 8 ಸೆಂ.ಮೀ., ಹಾಗಾಗಿ ಎಂಟು ಜೋಡಿಸುತ್ತು. 11 ಸೆಂ.ಮೀ. ಉದ್ದಕ್ಕೆ ಹರಡಿದಾಗ ಎಳೆಯಿಂದ ಎಳೆಗೆ 6–7 ಮಿ.ಮೀ. ಅಂತರ. ಎರಡೆರಡು ಸುತ್ತಿಗೊಮ್ಮೆ ಟೇಪಿನ ತುಂಡು ಒತ್ತಿ. ಎಳೆಗಳು ಎಲ್ಲಾದರೂ ಒಂದಕ್ಕೊಂದು ತಾಗಿದರೆ ಅಲ್ಲಿಂದ ಮುಂದಿನ ಕಾಯಿಲ್ ದಂಡ, ಉಳಿದ ಭಾಗ ಮಿತಿಮೀರಿ ಕಾಯುತ್ತದೆ. ಮುಗಿದ ಮೇಲೆ ಇಡೀ ಉದ್ದಕ್ಕೆ ಕ್ಯಾಪ್ಟಾನ್ ಎರಡು ಪದರ.

ನೈಕ್ರೋಮ್‌ಗೆ ಸಾದಾ ಬೆಸುಗೆ ಹಿಡಿಯುವುದಿಲ್ಲ. ಸೀಸ ಉಂಡೆಯಾಗಿ ಉರುಳಿಹೋಗುತ್ತದೆ, ಮೆತ್ತಿಕೊಂಡಂತೆ ಕಂಡರೂ ವಾರದೊಳಗೆ ಬಿಡುತ್ತದೆ. ಕ್ರಿಂಪೇ ಗತಿ. ತಂತಿಯ ತುದಿಯನ್ನು ನಾಲ್ಕು ಮಡಿಕೆ ಮಾಡಿ, ಸಿಲಿಕೋನ್ ವೈರಿನ ತಾಮ್ರದ ಎಳೆಗಳ ಜೊತೆ ಹುರಿ ಹಾಕಿ, ಕೊಳವೆಗೆ ತೂರಿಸಿ ಎರಡು ಕಡೆ ಬಲವಾಗಿ ಅದುಮಿ. ಎಳೆದರೆ ಜಾರಬಾರದು. ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ). ಈ ಗಂಟು ಅಂಗೈ ಕೂರುವ ಜಾಗದಲ್ಲಿ ಬೇಡ, ಒಳಬದಿಯ ಅಂಚಿನ ಹತ್ತಿರ ಇರಲಿ. ಬಲಗಡೆ ಗಂಟನ್ನೂ ಅದರಿಂದ ಹೊರಡುವ ಸಿಲಿಕೋನ್ ವೈರನ್ನೂ ಕೊಳವೆಗೇ ನೂಲಿನಿಂದ ಬಿಗಿದು ಕಟ್ಟಿ, ಆಗ ಆಕ್ಸಿಲರೇಟರ್ ತಿರುಗಿದಾಗ ಬಾಗುವುದು ಸಿಲಿಕೋನ್ ವೈರ್ ಮಾತ್ರ. ನೈಕ್ರೋಮ್ ಬಾಗತೊಡಗಿದರೆ ತಿಂಗಳೊಳಗೆ ತುಂಡಾಗುತ್ತದೆ.

ಗ್ರಿಪ್ ಏರಿಸುವ ಮುನ್ನ ಮೀಟರ್ ಹಿಡಿಯಿರಿ. ಎರಡೂ ಕಡೆ 12ರಿಂದ 13.5 ಓಮ್ ಒಳಗೆ ಬರಬೇಕು. 9 ತೋರಿಸಿದರೆ ಎಳೆ ತಾಗಿದೆ, ಬಿಚ್ಚಿ. ಕಾಯಿಲ್ ತುದಿಗೂ ಹ್ಯಾಂಡಲ್ ಪೈಪಿಗೂ ನಡುವೆ ಏನೂ ತೋರಿಸಬಾರದು. ಗ್ರಿಪ್ ಏರಿಸಿದ ಮೇಲೆ ಇದೇ ಎರಡು ಅಳತೆ ಮತ್ತೊಮ್ಮೆ, ಏಕೆಂದರೆ ತಂತಿ ಸರಿಯುವುದು ಏರಿಸುವಾಗಲೇ.

ಅಂಟಿಗೆ ಪಂಕ್ಚರ್ ಸಲ್ಯೂಷನ್ ಬೇಡ. ಅದು ಬಿಸಿಗೆ ಮೆತ್ತಗಾಗಿ ಗ್ರಿಪ್ ಕೊಳವೆಯ ಮೇಲೆ ಜಾರುತ್ತದೆ, ಓವರ್‌ಟೇಕ್ ಮಾಡುವಾಗ ಕೈ ತಿರುಗಿ ಇಂಜಿನ್ ಏರದೆ ಇರುವುದು ಆಗಲೇ. ಎರಡು ಟ್ಯೂಬಿನ ಎಪಾಕ್ಸಿ ತೆಳುವಾಗಿ ಸವರಿ, ಒಂದು ರಾತ್ರಿ ಬಿಡಿ. ಗ್ರಿಪ್ಪಿನ ಹೊರತುದಿಗೂ ಬಾರ್-ಎಂಡ್ ತೂಕಕ್ಕೂ 1–2 ಮಿ.ಮೀ. ಬೆಳಕು ಕಾಣಬೇಕು.

ವೈರಿಂಗ್

ಬ್ಯಾಟರಿ ಪ್ಲಸ್‌ನಿಂದ 15 ಸೆಂ.ಮೀ. ಒಳಗೆ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಪಿನ್. 87ರಿಂದ ಹೊರಟದ್ದು ಹೀಟರಿಗೆ ಪ್ಲಸ್. 85 ಅರ್ತ್‌ಗೆ, ಅಂದರೆ ಬ್ಯಾಟರಿ ಮೈನಸ್‌ಗೆ. 86ಕ್ಕೆ ಕೀ ಆನ್ ಮಾಡಿದಾಗ ಮಾತ್ರ 12 ವೋಲ್ಟ್ ಬರುವ ವೈರ್, ಹಿಂದಿನ ಟೇಲ್ ಲ್ಯಾಂಪಿನದು ಸಾಕು. ಇಂಧನ ಇಂಜೆಕ್ಷನ್ ಗಾಡಿಯಲ್ಲಿ ಇಸಿಯು (ಇಂಜಿನ್ ನಿಯಂತ್ರಿಸುವ ಪೆಟ್ಟಿಗೆ), ಸೆನ್ಸರ್, ಇಗ್ನಿಷನ್ ಕಾಯಿಲ್ ವೈರುಗಳನ್ನು ಕನಸಿನಲ್ಲೂ ಮುಟ್ಟಬೇಡಿ. ವೈರನ್ನು ಕಚ್ಚಿ ಹಿಡಿಯುವ ನೀಲಿ ಕ್ಲಿಪ್ಪೂ ಬೇಡ, ಅದು ಎಳೆಗಳನ್ನು ಅರ್ಧ ಕತ್ತರಿಸುತ್ತದೆ, ಮಳೆಗಾಲಕ್ಕೆ ಹಸಿರು ಹಿಡಿಯುತ್ತದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಹಾಕಿ. ರಿಲೇ ಇಲ್ಲದೆ ನೇರ ಬ್ಯಾಟರಿಗೆ ಕೊಟ್ಟು ಆರಿಸಲು ಮರೆತರೆ, 5 ಆಂಪಿಯರ್-ಅವರ್ ಬ್ಯಾಟರಿ ಎರಡು ಗಂಟೆಯಲ್ಲಿ ಖಾಲಿ.

ಸ್ವಿಚ್ಚಿನ ಜಾಣತನ ಇಲ್ಲಿದೆ, ಕಂಟ್ರೋಲರ್ ಸರ್ಕ್ಯೂಟ್ ಬೇಕಿಲ್ಲ. ಎಡ ಕಾಯಿಲ್‌ನ ಒಂದು ತುದಿ ನೇರ ಪ್ಲಸ್‌ಗೆ. ಬಲ ಕಾಯಿಲ್‌ನ ಒಂದು ತುದಿ ನೇರ ಅರ್ತ್‌ಗೆ. ಉಳಿದ ಎರಡು ತುದಿಗಳು ಸ್ವಿಚ್ಚಿನ ನಡು ಸಾಲಿನ ಎರಡು ಪಿನ್ನಿಗೆ. ಮೇಲಿನ ಸಾಲಿನಲ್ಲಿ ಎಡ ಕಾಯಿಲ್ ಇರುವ ಬದಿಯ ಪಿನ್ನಿಗೆ ಅರ್ತ್, ಬಲ ಕಾಯಿಲ್ ಇರುವ ಬದಿಯದಕ್ಕೆ ಪ್ಲಸ್. ಕೆಳಗಿನ ಸಾಲಿನ ಎರಡೂ ಪಿನ್ನಿಗೆ ಒಂದು ತುಂಡು ವೈರಿನ ಸೇತುವೆ. ನಡು ಸಾಲು ಮೇಲಿನ ಸಾಲಿಗೆ ಸೇರಿದಾಗ ಕಾಯಿಲ್‌ಗಳು ಪ್ಯಾರಲಲ್, ಪೂರ್ತಿ 30 ವ್ಯಾಟ್. ಕೆಳಗಿನ ಸಾಲಿಗೆ ಸೇರಿದಾಗ ಸೀರೀಸ್, 25.4 ಓಮ್, ಅರ್ಧ ಆಂಪಿಯರ್ ಚಿಲ್ಲರೆ, ಎರಡೂ ಸೇರಿ 7.5 ವ್ಯಾಟ್. ನಡುವೆ ಆಫ್. ಹತ್ತು ನಿಮಿಷ ಪೂರ್ತಿಯಲ್ಲಿ ಓಡಿಸಿ ಆಮೇಲೆ ಸೀರೀಸ್‌ಗೆ ಇಳಿಸಿದರೆ, ಕವರಿನೊಳಗೆ ಅಷ್ಟೇ ಸಾಕಾಗುತ್ತದೆ.

ವೈರ್ ಹಾಯಿಸುವಾಗ ಬಲಗಡೆಗೆ ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಿ. ಗ್ರಿಪ್ಪಿನ ಕೆಳಬದಿಯಿಂದ ವೈರ್ ಹೊರಬರಲಿ, 6–8 ಸೆಂ.ಮೀ. ಸಡಿಲ ಕುಣಿಕೆ ಬಿಟ್ಟು ಆಮೇಲೆ ಹ್ಯಾಂಡಲ್‌ಗೆ ಟೈ ಹಾಕಿ. ಕುಣಿಕೆ ಸ್ವಿಚ್ ಪೆಟ್ಟಿಗೆಯ ಸಂದಿಗೆ ಸಿಕ್ಕಿದರೆ ಆಕ್ಸಿಲರೇಟರ್ ತೆರೆದೇ ನಿಲ್ಲುತ್ತದೆ. ಈ ಇಡೀ ಕೆಲಸದಲ್ಲಿ ಪ್ರಾಣಕ್ಕೆ ಎಲ್ಲಕ್ಕಿಂತ ಹೆಚ್ಚು ಕುತ್ತು ತರುವ ತಪ್ಪು ಇದೇ. ಇಂಜಿನ್ ಆಫ್ ಮಾಡಿ, ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿ, ಆಕ್ಸಿಲರೇಟರ್ ಪೂರ್ತಿ ತೆರೆದು ಕೈಬಿಡಿ. ಟಪ್ ಎಂದು ತಾನೇ ಮುಚ್ಚಬೇಕು. ನೇರವಾಗಿಟ್ಟು ಒಮ್ಮೆ, ಬಲಕ್ಕೆ ತಿರುಗಿಸಿ ಒಮ್ಮೆ. ಕವರ್ ಹಾಕಿದ ಮೇಲೆ ಮೂರೂ ಮತ್ತೆ. ಕೊನೆಗೆ ಇಂಜಿನ್ ಐಡಲ್‌ನಲ್ಲಿಟ್ಟು ಹ್ಯಾಂಡಲ್ ಈ ತುದಿಯಿಂದ ಆ ತುದಿಗೆ ತಿರುಗಿಸಿ, ಸದ್ದು ಏರಿದರೆ ಕೇಬಲ್ಲೋ ವೈರೋ ಎಳೆಯುತ್ತಿದೆ.

ಐಡಲ್‌ನಲ್ಲಿ ಹೀಟರ್ ಪೂರ್ತಿ ಹಾಕಿ ಬ್ಯಾಟರಿ ತುದಿಯಲ್ಲಿ ವೋಲ್ಟೇಜ್ ನೋಡಿ. 12.8ಕ್ಕಿಂತ ಕೆಳಗಿದ್ದರೆ ಟ್ರಾಫಿಕ್ಕಿನಲ್ಲಿ ಸೀರೀಸ್ ಮಾತ್ರ. ನಿಂತ ಗಾಡಿಯಲ್ಲಿ, ಬಿಸಿಲಲ್ಲಿ, ಪೂರ್ತಿ ಬಿಸಿಯನ್ನು ಹೆಚ್ಚು ಹೊತ್ತು ಪರೀಕ್ಷಿಸಬೇಡಿ, ಗಾಳಿ ಇಲ್ಲದೆ ಅದು ಬೇಗ ಮಿತಿಮೀರುತ್ತದೆ. ಚರ್ಮಕ್ಕೆ 44 ಡಿಗ್ರಿ ಕೂಡ ಗಂಟೆಗಟ್ಟಲೆ ತಾಗಿದರೆ ಸುಡುತ್ತದೆ, ಮರಗಟ್ಟಿದ ಕೈಗೆ ಅದು ತಿಳಿಯುವುದೂ ಇಲ್ಲ. ಸಕ್ಕರೆ ಕಾಯಿಲೆಯಿಂದ ಕೈ ಸ್ಪರ್ಶ ಕಡಿಮೆಯಾದವರು ಸೀರೀಸ್ ದಾಟಬಾರದು.

ಕೈಕೊಟ್ಟಾಗ

ಸೀರೀಸ್‌ನಲ್ಲಿ ಬಿಸಿ, ಪೂರ್ತಿಯಲ್ಲಿ ತಣ್ಣಗೆ: ಮೇಲಿನ ಸಾಲಿನ ಪ್ಲಸ್ ಮತ್ತು ಅರ್ತ್ ಅದಲುಬದಲಾಗಿವೆ. ಏನೂ ಸುಡುವುದಿಲ್ಲ, ತಿರುಗಿಸಿ ಹಾಕಿ. ಪೂರ್ತಿಯಲ್ಲಿ ಒಂದು ಕಡೆ ಮಾತ್ರ ಬಿಸಿ, ಸೀರೀಸ್‌ನಲ್ಲಿ ಎರಡೂ ತಣ್ಣಗೆ: ತಣ್ಣಗಿರುವ ಕಡೆಯ ಕಾಯಿಲ್ ತುಂಡಾಗಿದೆ, ಬಹುಪಾಲು ಕ್ರಿಂಪ್ ಹತ್ತಿರ, ಬಹುಪಾಲು ಬಲಗಡೆ. ಫ್ಯೂಸ್ ಹ್ಯಾಂಡಲ್ ತಿರುಗಿಸಿದಾಗ ಮಾತ್ರ ಹೋಗುತ್ತಿದ್ದರೆ ವೈರ್ ಸ್ಟೀರಿಂಗ್ ಕುತ್ತಿಗೆಯ ಬಳಿ ಸವೆದಿದೆ. ಅದಕ್ಕೆ 10 ಆಂಪಿಯರ್ ಫ್ಯೂಸ್ ಹಾಕುವುದು ಮದ್ದಲ್ಲ. ಗ್ರಿಪ್ಪಿನ ಒಂದೇ ಪಟ್ಟೆ ಸುಡುತ್ತಿದ್ದರೆ ಸುತ್ತುಗಳು ಒಂದೆಡೆ ಸರಿದಿವೆ.

ಎಲ್ಲ ಸರಿಯಿದ್ದೂ ಬೆರಳು ತಣ್ಣಗಾದರೆ ಗ್ಲೌಸ್ ನೋಡಿ. ದಪ್ಪ ಗ್ಲೌಸ್ ಹೀಟರಿನ ಬಿಸಿಯನ್ನೂ ತಡೆಯುತ್ತದೆ, ಬಿಗಿ ಗ್ಲೌಸ್ ರಕ್ತವನ್ನೇ ತಡೆಯುತ್ತದೆ. ಕವರಿನೊಳಗೆ ಅಂಗೈ ತೆಳುವಾಗಿರುವ, ತುಸು ಸಡಿಲವಾದದ್ದು ಸಾಕು. ಎದೆ ಚಳಿಗೊಂಡರೆ ದೇಹ ಮೊದಲು ಕೈಗೆ ರಕ್ತ ಕಡಿಮೆ ಮಾಡುತ್ತದೆ, ಆದ್ದರಿಂದ ಜಾಕೆಟ್ ಒಳಗೆ ಮಡಚಿಟ್ಟ ದಿನಪತ್ರಿಕೆಯೂ ಕೈ ಬೆಚ್ಚಗಿಡುವ ಸಾಮಾನೇ.

ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋದ ಮೇಲೆ ಫ್ಯೂಸ್ ಕಿತ್ತಿಡಿ, ಕವರ್ ಬಿಚ್ಚಿ ಒಗೆದು ಎರಡು ದಿನ ಒಣಗಿಸಿ. ಒದ್ದೆಯಾಗಿ ಅಟ್ಟಕ್ಕೆ ಹಾಕಿದರೆ ಕಂಬಳಿ ಬೂಸ್ಟು ಹಿಡಿಯುತ್ತದೆ. ಮುಂದಿನ ನವೆಂಬರ್‌ನಲ್ಲಿ ಮತ್ತೆ ಹಾಕುವಾಗ ಮೊದಲು ಸೀಟ್ ಕೆಳಗಿನ ವೈರುಗಳ ಮೇಲೆ ಟಾರ್ಚ್ ಬಿಡಿ, ಇಲಿ ಕಚ್ಚಿದ್ದರೆ ಅಲ್ಲೇ ಕಾಣುತ್ತದೆ.